ಛತ್ರಿ ತೆಗೆಯಬೇಡಿ

ಕಳೆದ ಭಾನುವಾರ ನಮ್ಮ ಸೊಸೈಟಿಯ ಲಿಫ್ಟಿನೊಳಗೆ ಒಂದು ನೋಟಿಸ್ ಅಂಟಿಸಿದರು. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವುದಿದೆ, ತಿಂಗಳ ಕೊನೆಯೊಳಗೆ ಎಲ್ಲರೂ ತಂತಮ್ಮ ಡಿಶ್ ಇಳಿಸಿಕೊಳ್ಳಬೇಕು, ಉಳಿದದ್ದು ಕಬಾಡಿಯವನಿಗೆ. ಕೆಲಸ ಮುಗಿದ ಮೇಲೆ ಮತ್ತೆ ಹಾಕುವಂತಿಲ್ಲ. ಕಟ್ಟಡದ ಅಂದ ಕೆಡುತ್ತದೆಯಂತೆ. ಹೇಗೂ ಈಗ ಎಲ್ಲರ ಮನೆಗೂ ಫೈಬರ್ ಬಂದಿದೆಯಂತೆ.

ಇಂದಿರಾಪುರಂನ ನಮ್ಮ ಸೊಸೈಟಿಯಲ್ಲಿ ಆರು ಕನ್ನಡದ ಮನೆಗಳಿವೆ. ನಮ್ಮದೊಂದು ವಾಟ್ಸ್ಯಾಪ್ ಗುಂಪೂ ಇದೆ. ನವೆಂಬರ್ ಒಂದನೇ ತಾರೀಖು ಅಲ್ಲಿ ಹಳದಿ ಕೆಂಪು ಬಾವುಟಗಳ ಸುರಿಮಳೆ. ಆ ಗುಂಪಿಗೆ ನೋಟಿಸಿನ ಫೋಟೋ ಹಾಕಿ, ಆರೂ ಮನೆಯವರು ಸೇರಿ ಒಂದು ಅರ್ಜಿ ಕೊಡೋಣವೇ ಎಂದು ಕೇಳಿದೆ. ಒಬ್ಬರು ನೋಟಿಸಿಗೇ ಹೆಬ್ಬೆರಳು ಎತ್ತಿ ಸುಮ್ಮನಾದರು. ಇನ್ನೊಬ್ಬರು, "ಡಿಶ್ ಇನ್ನೂ ಯಾರು ನೋಡ್ತಾರೆ ಸರ್?" ಅಂದರು. ಮೂರನೆಯವರು, "ನಮ್ಮದು ಎರಡು ವರ್ಷದಿಂದ ಆಫ್. ಕಬಾಡಿಯವನು ಎಷ್ಟು ಕೊಡ್ತಾನಂತೆ?" ಎಂದು ವಿಚಾರಿಸಿದರು. ಉಳಿದಿಬ್ಬರು ಓದಿದ್ದಾರೆ, ನೀಲಿ ಗೆರೆ ಬಂದಿದೆ, ಉತ್ತರವಿಲ್ಲ.

ಇದನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವ ಅಗತ್ಯವಿಲ್ಲ, ಇಲ್ಲಿ ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಅವರ ಹಾಗೆಯೇ ಇದ್ದೀರಿ. ಎರಡು ವರ್ಷದ ಹಿಂದೆ ನಾನೂ ಹಾಗೆಯೇ ಇದ್ದೆ.

ದಿಲ್ಲಿಯಲ್ಲಿ ಕನ್ನಡ ಕಿವಿಗೇ ಬೀಳುವುದಿಲ್ಲ ಎಂದು ನಾವೆಲ್ಲ ಹೇಳುತ್ತೇವೆ. ಆರ್.ಕೆ. ಪುರದ ಕರ್ನಾಟಕ ಸಂಘಕ್ಕೆ ಹೋಗಬೇಕು, ಅದು ಯಮುನೆಯ ಆಚೆ, ಟ್ರಾಫಿಕ್ಕು, ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ಸರಿ. ಆದರೆ ಇದೇ ದಿಲ್ಲಿಯಲ್ಲಿ, ಪೂಸಾ ಪಕ್ಕದಲ್ಲಿ, ತೋಡಾಪುರ ಎಂಬ ಜಾಗವಿದೆ. ದೂರದರ್ಶನದ ಫ್ರೀ ಡಿಶ್‌ನ ಭೂಕೇಂದ್ರ ಇರುವುದು ಅಲ್ಲಿ. ಬೆಂಗಳೂರಿನಿಂದ ಬಂದ ಚಂದನ ವಾಹಿನಿ ಅಲ್ಲಿಂದ ಮೇಲೇರಿ, 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹವನ್ನು ಮುಟ್ಟಿ, ಇಡೀ ದೇಶದ ಮೇಲೆ ಇಳಿಯುತ್ತದೆ. ಹೋಗುವುದು ಸುಮಾರು 36,000 ಕಿಲೋಮೀಟರು, ಬರುವುದು ಅಷ್ಟೇ, ಎಲ್ಲ ಸೇರಿ ಕಾಲು ಸೆಕೆಂಡು. ಅಂದರೆ ದಿನವಿಡೀ ಕನ್ನಡ ನಮ್ಮ ಮನೆಯಿಂದ ಒಂದು ಮೆಟ್ರೋ ಪ್ರಯಾಣದಷ್ಟು ದೂರದಲ್ಲೇ ಆಕಾಶಕ್ಕೇರಿ, ನಮ್ಮದೇ ತಾರಸಿಯ ಮೇಲೆ ಬೀಳುತ್ತಿದೆ. ಅದನ್ನು ಹಿಡಿದುಕೊಳ್ಳುವ ಪಾತ್ರೆಯೂ ಅಲ್ಲೇ ಇದೆ, ತುಕ್ಕು ಹಿಡಿಯುತ್ತ. ನಾವು ಅದನ್ನು ಕಬಾಡಿಯವನಿಗೆ ಹಾಕುತ್ತಿದ್ದೇವೆ.

ಬೀದರಿನ ಮೇಲೆ ಬೀಳುವ ಸಿಗ್ನಲ್ಲೂ ಇಂದಿರಾಪುರಂ ಮೇಲೆ ಬೀಳುವ ಸಿಗ್ನಲ್ಲೂ ಒಂದೇ. ಇಲ್ಲಿ ಒಬ್ಬರು ಹೆಚ್ಚಿಗೆ ನೋಡಿದರೆ ಪ್ರಸಾರ ಭಾರತಿಗೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ, ನೋಡದಿದ್ದರೆ ಒಂದು ಪೈಸೆಯೂ ಉಳಿಯುವುದಿಲ್ಲ. 2004ರ ಡಿಸೆಂಬರ್ 16ರಂದು ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದಾಗ ಅದರಲ್ಲಿ 33 ಚಾನೆಲ್ಲುಗಳಿದ್ದವು. ಅಂದಿನಿಂದ ಇಂದಿನವರೆಗೂ ತಿಂಗಳ ಬಾಡಿಗೆ ಸೊನ್ನೆ. ಈಗ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಅದಿದೆ ಎಂದು ಫಿಕ್ಕಿ-ಇವೈ ವರದಿಯ ಅಂದಾಜು. ಆ ಕೋಟಿಗಳಲ್ಲಿ ನಮ್ಮಂಥವರು ಇಲ್ಲ. ಯಾಕಿಲ್ಲ ಅನ್ನುವುದಕ್ಕೆ ನನ್ನ ಮನೆಯ ಕಥೆಯನ್ನೇ ಹೇಳಬೇಕು.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ರಾಯಚೂರು ಜಿಲ್ಲೆಯ ನಮ್ಮೂರಿನಿಂದ ಇಲ್ಲಿಗೆ ಕರೆದುಕೊಂಡು ಬಂದೆ. ಹನ್ನೊಂದನೇ ಮಹಡಿ. ಹೆಂಡತಿಯೂ ನಾನೂ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಸಂಜೆ ಏಳು, ಮಗಳು ಶಾಲೆಯಿಂದ ಬರುವುದು ಮೂರಕ್ಕೆ. ನಡುವಿನ ಆರೂವರೆ ಗಂಟೆ ಅವ್ವ ಒಬ್ಬಳೇ. ಹಿಂದಿ ಬರುವುದಿಲ್ಲ. ಕೆಲಸದವಳ ಜೊತೆ ಕೈಸನ್ನೆ. ಗೋಡೆಯ ಮೇಲೆ 55 ಇಂಚಿನ ಸ್ಮಾರ್ಟ್ ಟಿವಿ, ಅದಕ್ಕೆ ನಾಲ್ಕು ಆಪ್, ಫೈಬರ್ ಸಂಪರ್ಕ. ಎಲ್ಲ ಇದೆ ಎಂದೇ ನಾನು ತಿಳಿದಿದ್ದೆ.

ಒಂದು ದಿನ ಜ್ವರ ಬಂದು ಆಫೀಸಿಗೆ ರಜೆ ಹಾಕಿ ಮನೆಯಲ್ಲಿ ಮಲಗಿದ್ದೆ. ಆವತ್ತು ಗೊತ್ತಾಯಿತು. ಅವ್ವ ಟಿವಿ ಹಾಕುತ್ತಾಳೆ. ಪರದೆಯ ಮೇಲೆ ಯಾರು ನೋಡುತ್ತಿದ್ದೀರಿ ಎಂದು ಮೂರು ಬಣ್ಣದ ಗೊಂಬೆ ಮುಖಗಳು ಬರುತ್ತವೆ, ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿರುತ್ತದೆ. ಅವ್ವ ಯಾವುದೋ ಒಂದನ್ನು ಒತ್ತುತ್ತಾಳೆ. ಯೂಟ್ಯೂಬಿನ ಕಡೆ ಹೋದರೆ ಮಗಳು ಹಿಂದಿನ ರಾತ್ರಿ ನೋಡಿದ ಕೊರಿಯನ್ ಹಾಡುಗಳು ಸಾಲಾಗಿ ನಿಂತಿರುತ್ತವೆ. ಮೈಕಿನ ಗುಂಡಿ ಒತ್ತಿ "ಕನ್ನಡ ವಾರ್ತೆ" ಅಂದರೆ ಅದು ರಾಯಚೂರಿನ ಬಾಯಿಯನ್ನು ಕೇಳಿ ಇನ್ನೇನನ್ನೋ ಹುಡುಕಿ ತಂದಿಡುತ್ತದೆ. ಹತ್ತು ನಿಮಿಷ ಒದ್ದಾಡಿ, ಆಫ್ ಮಾಡಿ, ಬಾಲ್ಕನಿಯಲ್ಲಿ ಹೋಗಿ ಕೂತಳು. "ದಿನಾ ಹಿಂಗೇನಬೇ?" ಎಂದೆ. "ಇಲ್ಲಪಾ, ಒಂದೊಂದು ದಿವಸ ತಾನಾ ಬರತದ," ಅಂದಳು.

ಒಂದೊಂದು ದಿವಸ ತಾನಾಗಿ ಬರುತ್ತದೆ! ನಾನು ಆಫೀಸಿನಲ್ಲಿ ಬಳಕೆದಾರರ ಅನುಭವ ಎಂಬ ವಿಷಯದ ಮೇಲೆ ತಿಂಗಳಿಗೆರಡು ಮೀಟಿಂಗ್ ನಡೆಸುವ ಮನುಷ್ಯ.

ಮಧ್ಯಾಹ್ನ ಗಾಳಿಗೆಂದು ಅವ್ವನನ್ನು ತಾರಸಿಗೆ ಕರೆದುಕೊಂಡು ಹೋದೆ. ಅಲ್ಲಿ ಡಿಶ್‌ಗಳ ಒಂದು ಸ್ಮಶಾನವೇ ಇದೆ. ನಲವತ್ತಕ್ಕೆ ಕಡಿಮೆಯಿಲ್ಲ, ಅರ್ಧಕ್ಕೂ ಹೆಚ್ಚಿನವಕ್ಕೆ ವೈರೇ ಇಲ್ಲ. ಕೆಲವು ಮುಖ ಕೆಳಗೆ ಮಾಡಿ ಬಿದ್ದಿವೆ, ಒಂದರಲ್ಲಿ ಯಾರೋ ಪಾರಿವಾಳಕ್ಕೆ ನೀರು ಹಾಕಿದ್ದರು. ಅವ್ವ ನಿಂತು ನೋಡಿದಳು.

"ಇವು ನಮ್ಮ ಸಾಲ್ಯಾಗ ಇತ್ತಲ್ಲಪಾ ಛತ್ರಿ, ಅದರ ಮರಿಗೋಳೇನು?"

ಯಾವ ಶಾಲೆ, ಯಾವ ಛತ್ರಿ ಎಂದು ನನಗೆ ಹೊಳೆಯಲಿಲ್ಲ. "ನಾ ಹುಡುಗಿ ಇದ್ದಾಗ. ದೊಡ್ಡದಿತ್ತು. ಜಾಳಗಿದು, ಕೋಳಿ ಗೂಡಿಗಿ ಹಾಕತಾರಲ್ಲ ಅಂಥಾದ್ದು. ಸಂಜಿಕ ಊರ ಮಂದಿ ಎಲ್ಲಾ ಸಾಲಿ ಮುಂದ ಕೂಡತಿದ್ವಿ. ಟಿವ್ಯಾಗ ಕನ್ನಡ ಮಾತಾಡತಿದ್ರು. ಮುಗಿಲಿಂದ ಬರತದ ಅಂತ ಮಾಸ್ತರು ಹೇಳಿದ್ದರು. ಒಂದ ವರ್ಷ ಇತ್ತು, ಆಮ್ಯಾಲ ಹೋತು."

ಎಂಟೆಕ್‌ನಲ್ಲಿ ನಾನು ಉಪಗ್ರಹ ಸಂಪರ್ಕದ ಪರೀಕ್ಷೆ ಬರೆದವನು. ಸೈಟ್ ಪ್ರಯೋಗದ ಬಗ್ಗೆ ಐದು ಅಂಕದ ಟಿಪ್ಪಣಿಯನ್ನೂ ಬರೆದಿದ್ದೆ: 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ನಾಸಾದ ಎಟಿಎಸ್-6 ಉಪಗ್ರಹ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, 860 ಮೆಗಾಹರ್ಟ್ಸ್, ಕೋಳಿ ಬಲೆಯ 10 ಅಡಿ ಆಂಟೆನಾ. ಕರ್ನಾಟಕದ ಜಿಲ್ಲೆಗಳು ರಾಯಚೂರು, ಗುಲ್ಬರ್ಗಾ, ಬಿಜಾಪುರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿಗೆ. ಇಷ್ಟೆಲ್ಲ ಬರೆದು ಅಂಕ ತೆಗೆದುಕೊಂಡವನಿಗೆ, ಆ 2,400ರಲ್ಲಿ ಒಂದರ ಎದುರು ನನ್ನ ಹದಿನಾರು ವರ್ಷದ ಅವ್ವ ಕೂತಿದ್ದಳು ಎಂಬುದು ಗೊತ್ತೇ ಇರಲಿಲ್ಲ. ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲು, ಕರೆಂಟೇ ಸರಿಯಾಗಿಲ್ಲದ ಹೈದರಾಬಾದ್ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಉಪಗ್ರಹದಿಂದ ನೇರವಾಗಿ ಶಾಲೆಯ ಅಂಗಳಕ್ಕೆ ಇಳಿಯುತ್ತಿತ್ತು. ಜಗತ್ತಿನಲ್ಲಿ ಹಾಗೆ ಇಳಿದ ಮೊದಮೊದಲ ಭಾಷೆಗಳಲ್ಲಿ ನಮ್ಮದೊಂದು. ವರ್ಷ ಮುಗಿಯಿತು, ಅಮೆರಿಕದವರು ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು, ಊರಿನ ಟಿವಿ ಕಪ್ಪಾಯಿತು. ಅವರ ವಸ್ತು, ಅವರು ಒಯ್ದರು. ಈಗ ಉಪಗ್ರಹ ನಮ್ಮದು, ಡಿಶ್ ನಮ್ಮದು, ಭಾಷೆ ನಮ್ಮದು. ಐವತ್ತು ವರ್ಷ ಕಳೆದ ಮೇಲೆ ಅದೇ ಹೆಂಗಸಿನ ಎದುರು ಟಿವಿಯನ್ನು ಮತ್ತೆ ಕಪ್ಪು ಮಾಡಿದವನು ನಾನು, ಅವಳ ಮಗ, ಇಂಜಿನಿಯರು.

ಮುಂದಿನ ಶನಿವಾರ ಕೆಂಪುಕೋಟೆ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟಿಗೆ ಹೋದೆ. ಡಿಶ್ಶು, ಬಾಕ್ಸು, ರಿಮೋಟು, ವೈರು ಎಲ್ಲ ರಾಶಿಯಲ್ಲಿ ಸಿಗುವ ಜಾಗ. ಎಂಪೆಗ್-4ರ ಒಂದು ಫ್ರೀ ಟು ಏರ್ ಬಾಕ್ಸ್ ತಂದೆ, ಹಳೆಯ ಎಂಪೆಗ್-2 ಚಾನೆಲ್ಲುಗಳೂ ಅದರಲ್ಲೇ ಬರುತ್ತವೆ. ಒಂದು ಎಲ್‌ಎನ್‌ಬಿ ಕೂಡ ತಂದೆ. ಡಿಶ್‌ನ ತೋಳಿನ ತುದಿಯಲ್ಲಿ ಇರುತ್ತದಲ್ಲ, ಅದು. ಎರಡೂ ಸೇರಿ ಆದ ಖರ್ಚು ಮಗಳ ಒಂದು ಪಿಜ್ಜಾ ಪಾರ್ಟಿಗಿಂತ ಕಡಿಮೆ. ಡಿಶ್ ಮಾತ್ರ ತರಲಿಲ್ಲ. ನಮ್ಮ ಫ್ಲ್ಯಾಟಿನ ಹಿಂದಿನ ಬಾಡಿಗೆದಾರರು ಬಿಟ್ಟುಹೋದದ್ದು ತಾರಸಿಯಲ್ಲೇ ಇತ್ತು.

ಇಲ್ಲೊಂದು ತಪ್ಪು ತಿಳಿವಳಿಕೆ ನಮ್ಮ ಓದಿದವರಲ್ಲೇ ಹೆಚ್ಚು. ಡಿಶ್ ಮೇಲೆ ಯಾವ ಕಂಪನಿಯ ಹೆಸರಿದೆಯೋ ಅದು ಆ ಕಂಪನಿಯ ಚಾನೆಲ್ ಮಾತ್ರ ಹಿಡಿಯುತ್ತದೆ ಎಂದು. ಡಿಶ್ಶಿಗೆ ಹೆಸರು ಗೊತ್ತಿಲ್ಲ, ಅದೊಂದು ತಗಡು. ಬಿದ್ದದ್ದನ್ನು ಒಂದೆಡೆ ಕೂಡಿಸುತ್ತದೆ, ಅಷ್ಟೇ. ಬೀಗ ಇರುವುದು ಕಂಪನಿಯ ಬಾಕ್ಸಿನಲ್ಲಿ. ವ್ಯತ್ಯಾಸವಿರುವುದು ದಿಕ್ಕಿನಲ್ಲಿ. ಟಾಟಾ ಪ್ಲೇ ನೋಡುವುದು 83 ಡಿಗ್ರಿಯ ಕಡೆ, ಡಿ2ಎಚ್ 88, ಡಿಶ್ ಟಿವಿ 95, ಏರ್‌ಟೆಲ್ 108. ನಮಗೆ ಬೇಕಾದದ್ದು 93.5. ದಿಲ್ಲಿಯಿಂದ ನೋಡಿದರೆ ಅದು ನೇರ ದಕ್ಷಿಣದಿಂದ ಪೂರ್ವಕ್ಕೆ ಸುಮಾರು 31 ಡಿಗ್ರಿ ಹೊರಳಿ, ದಿಗಂತದಿಂದ 52 ಡಿಗ್ರಿ ಮೇಲೆ ಇದೆ. 83ರ ಕಡೆಗಿರುವ ಡಿಶ್ಶನ್ನು ಅಲ್ಲಿಗೆ ತರಬೇಕೆಂದರೆ ಪೂರ್ವಕ್ಕೆ ಇಪ್ಪತ್ತು ಡಿಗ್ರಿಯಷ್ಟು ತಿರುಗಿಸಿ, ನಾಲ್ಕು ಡಿಗ್ರಿ ಬಗ್ಗಿಸಬೇಕು. ಎರಡಡಿಯ ಡಿಶ್ಶಿನ ಅಂಚು ಆಗ ಸರಿಯುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲ. 95ರದ್ದಾದರೆ ಒಂದೆರಡು ಬೆರಳು ಸಾಕು. ದುಡ್ಡು ಕೊಟ್ಟು ನೋಡುವುದಕ್ಕೂ ಬಿಟ್ಟಿ ನೋಡುವುದಕ್ಕೂ ನಡುವೆ ಇರುವ ದೂರ ಅಷ್ಟೇ.

ಹೇಳುವುದು ಸುಲಭ. ಈ ಲೆಕ್ಕವನ್ನೆಲ್ಲ ಕಾಗದದಲ್ಲಿ ಮಾಡಿಕೊಂಡು ತಾರಸಿಗೆ ಹೋಗಿ ಎರಡು ಗಂಟೆ ತಿರುಗಿಸಿದೆ. ಸಿಗ್ನಲ್ ಸೊನ್ನೆ. ನಮ್ಮ ಮನೆಯ ಡಿಶ್‌ಗಳು ಆಫ್‌ಸೆಟ್ ಜಾತಿಯವು, ಅವು ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತವೆ ಎಂಬುದನ್ನು ಮರೆತಿದ್ದೆ. ಪಾಠದಲ್ಲಿತ್ತು, ಕೈಗೆ ಬಂದಿರಲಿಲ್ಲ. ಕೊನೆಗೆ ಖೋಡಾದ ಕಡೆಯಿಂದ ಒಬ್ಬ ಹುಡುಗನನ್ನು ಕರೆಸಿದೆ. ಅವನು ಬಂದವನೇ ಪಕ್ಕದಲ್ಲಿದ್ದ ನೀರಿನ ಟ್ಯಾಂಕಿನ ನೆರಳು ನೋಡಿ, ಫೋನಿನ ದಿಕ್ಸೂಚಿ ನೋಡಿ, ಹಳೆಯ ಎಲ್‌ಎನ್‌ಬಿಯೊಳಗೆ ಕಣಜ ಕಟ್ಟಿದ್ದ ಮಣ್ಣಿನ ಗೂಡನ್ನು ನನಗೆ ತೋರಿಸಿ ನಕ್ಕು, ಹೊಸದನ್ನು ಹಾಕಿ, ಅದನ್ನು ಸ್ವಲ್ಪ ಓರೆಯಾಗಿ ತಿರುಗಿಸಿ, ಏಳೆಂಟು ನಿಮಿಷದಲ್ಲಿ ಬಿಗಿ ಮಾಡಿದ. ಡಿಶ್ಶಿಗೆ ಅವನೂ "ಛತರಿ" ಎನ್ನುತ್ತಿದ್ದ. ಕೆಳಗೆ ಬಂದಾಗ ಅವ್ವ "ಛತ್ರಿ ಕುಂತದೇನು?" ಎಂದು ಅವನನ್ನೇ ಕೇಳಿದಳು. "ಹಾಂ ಮಾತಾಜಿ, ಛತರಿ ಸೆಟ್," ಅಂದ. ಅವ್ವ ಇಂದಿರಾಪುರಂನಲ್ಲಿ ನನ್ನ ಸಹಾಯವಿಲ್ಲದೆ ನಡೆಸಿದ ಮೊದಲ ಸಂಭಾಷಣೆ ಅದು.

ಈಗ ಅವ್ವನ ರಿಮೋಟಿನಲ್ಲಿ ಎರಡೇ ಕೆಲಸ. ಕೆಂಪು ಗುಂಡಿ ಒತ್ತಿದರೆ ಟಿವಿ ಹತ್ತುತ್ತದೆ, ನಿನ್ನೆ ಎಲ್ಲಿ ಬಿಟ್ಟಿತ್ತೋ ಅಲ್ಲೇ, ಚಂದನದಲ್ಲೇ ಹತ್ತುತ್ತದೆ. ಯಾರು ನೋಡುತ್ತಿದ್ದೀರಿ ಎಂದು ಕೇಳುವುದಿಲ್ಲ.

ಇನ್ನು ನಿಮ್ಮ ಆಕ್ಷೇಪಗಳು.

"ಚಂದನ ಆಪ್‌ನಲ್ಲೂ ಬರುತ್ತದಲ್ಲ?" ಬರುತ್ತದೆ. ಯೂಟ್ಯೂಬಿನಲ್ಲಿದೆ, 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ವೇವ್ಸ್ ಎಂಬ ಆಪ್ ಕೂಡ ತಂದಿದೆ. ನನಗೂ ನಿಮಗೂ ಅದು ಸಾಕು. ಆದರೆ ಆಪ್ ಎಂದರೆ ತಿಂಗಳ ಬ್ರಾಡ್‌ಬ್ಯಾಂಡ್ ಬಿಲ್ಲು, ಪಾಸ್‌ವರ್ಡು, ಅಪ್‌ಡೇಟು, ವೈಫೈ ಬಿದ್ದರೆ ಕರೆಂಟು ಆರಿಸಿ ಹತ್ತಿಸುವ ವಿದ್ಯೆ. ಮನೆಯಲ್ಲಿ ಅದನ್ನು ಬಲ್ಲವರು ಹೊರಗೆ ಹೋಗಿದ್ದಾಗ ಆ ಟಿವಿ ಇದ್ದೂ ಇಲ್ಲದ ಹಾಗೆ. ಡಿಶ್ಶಿಗೆ ಜೋರು ಮಳೆ ಬಂದರೆ ಹತ್ತು ನಿಮಿಷ ಚಿತ್ರ ಒಡೆಯುತ್ತದೆ, ಒಪ್ಪುತ್ತೇನೆ. ಜನವರಿಯ ಮಂಜಿನಲ್ಲಿ ವಿಮಾನಗಳು ನಿಂತಾಗಲೂ ಅದು ನಿಲ್ಲುವುದಿಲ್ಲ. ಇನ್ನೊಂದು: ನೀವು ಏನು ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ ಎಂದು ಡಿಶ್ ಯಾರಿಗೂ ವರದಿ ಒಪ್ಪಿಸುವುದಿಲ್ಲ. ಅದಕ್ಕೆ ಬಾಯಿಯೇ ಇಲ್ಲ, ಕಿವಿ ಮಾತ್ರ. ದಿನವೂ ಡೇಟಾ ಮಾರಿ ಹೊಟ್ಟೆ ಹೊರೆಯುವ ಕ್ಷೇತ್ರದಲ್ಲಿರುವ ನಮಗೆ ಇದರ ಬೆಲೆ ಗೊತ್ತಿರಬೇಕಿತ್ತು.

"ಕಂಪನಿಯ ಪ್ಯಾಕಿನಲ್ಲೂ ಚಂದನ ಇದೆಯಲ್ಲ?" ಇದೆ, ಕೊಡಲೇಬೇಕೆಂಬ ನಿಯಮವೂ ಇದೆ. ಅದಕ್ಕೆ ಎಷ್ಟು ಕಟ್ಟುತ್ತಿದ್ದಿರಿ ಎಂದು ನೆನಪಿಸಿಕೊಳ್ಳಿ. 2019ರ ಫೆಬ್ರುವರಿಯಿಂದ ಟ್ರಾಯ್ ಹೊಸ ದರ ವ್ಯವಸ್ಥೆ ತಂದಿತು. ಒಂದೂ ಪಾವತಿ ಚಾನೆಲ್ ಬೇಡ, ಬಿಟ್ಟಿ ಚಾನೆಲ್ಲೇ ಸಾಕು ಅನ್ನುವವನೂ ಜಾಲದ ಶುಲ್ಕವೆಂದು ತಿಂಗಳಿಗೆ 130 ರೂಪಾಯಿವರೆಗೆ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಕೊಡಬೇಕಾಯಿತು. ವರ್ಷಕ್ಕೆ 1,840 ರೂಪಾಯಿ 80 ಪೈಸೆ. 2024ರಲ್ಲಿ ಆ ಮಿತಿಯನ್ನೂ ತೆಗೆದರು. ಕಂಪನಿಗಳು ಮೋಸ ಮಾಡಿದವು ಎನ್ನುತ್ತಿಲ್ಲ. ಅವರಿಗೂ ಉಪಗ್ರಹದ ಬಾಡಿಗೆಯಿದೆ, ಜನರ ಸಂಬಳವಿದೆ, ನೂರಾರು ಚಾನೆಲ್ ಕೊಡುತ್ತಾರೆ. ಬೇಕಾದವರು ಕೊಳ್ಳಲಿ. ಆದರೆ ಮನೆಯಲ್ಲಿ ವಯಸ್ಸಾದವರಿಗೆ ಒಂದು ಕನ್ನಡ ಚಾನೆಲ್ ಬೇಕು ಎಂಬ ಕಾರಣಕ್ಕೆ ವರ್ಷಗಟ್ಟಲೆ ರೀಚಾರ್ಜ್ ಮಾಡಿದವರನ್ನು ನಾನು ಬಲ್ಲೆ. ಅದು ಬಿಟ್ಟಿ ಬರುತ್ತದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವರು ನಾವಿದ್ದೆವು. 2020ರಲ್ಲಿ ಟ್ರಾಯ್, ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೂ ನಡೆಯುವಂತಿರಲಿ ಎಂದು ಶಿಫಾರಸು ಮಾಡಿತು. ಟಿವಿಯೊಳಗೇ ಉಪಗ್ರಹ ಟ್ಯೂನರ್ ಇರುವ ಬಗ್ಗೆ ಐಎಸ್ 18112:2022 ಎಂಬ ಮಾನದಂಡವೂ ಬಂದಿದೆ. ಹೊಸ ಟಿವಿ ಕೊಳ್ಳುವಾಗ ನಮ್ಮಲ್ಲಿ ಎಷ್ಟು ಜನ ಅದನ್ನು ಕೇಳುತ್ತೇವೆ? ಎಷ್ಟು ಇಂಚು, ಎಷ್ಟು ಕೆ ಎಂದಷ್ಟೇ ಕೇಳುತ್ತೇವೆ.

ಮೂರನೆಯದು ಬಾಯಿಬಿಟ್ಟು ಹೇಳದ ಆಕ್ಷೇಪ. ಫ್ರೀ ಡಿಶ್ ಎಂದರೆ ಬಡವರದು. ಕಟ್ಟಡದ ಕೂಲಿಯವರ ಶೆಡ್ಡಿನ ಮೇಲೆ, ಚಹಾ ಅಂಗಡಿಯ ಮೇಲೆ ಇರುವಂಥದ್ದು. ದೂರದರ್ಶನ ಎಂದರೆ ಹಳಸಲು. ಇದು ನಮ್ಮೊಳಗಿನ ಅಸಹ್ಯ, ಇದಕ್ಕೆ ನನ್ನ ಬಳಿ ಮರ್ಯಾದೆಯ ಉತ್ತರವಿಲ್ಲ. ಚಂದನ ನಿಧಾನ, ನಿಜ. ಒಬ್ಬರು ಕೂತು ಅರ್ಧ ಗಂಟೆ ತೊಗರಿಯ ಹುಳದ ಬಗ್ಗೆ ಮಾತಾಡುತ್ತಾರೆ. ಸರ್ಕಾರಿ ಜಾಹೀರಾತು ಒಂದರ ಮೇಲೊಂದು. ಸೆಟ್ಟು ಹಳೆಯದು. ಆದರೆ ಅರಚಾಟವಿಲ್ಲ. ತೊಗರಿಯ ಹುಳ ಅವ್ವನಿಗೆ ಗೊತ್ತಿರುವ ವಿಷಯ, ಆ ಹೊತ್ತಿನಲ್ಲಿ ಅವಳು ಟಿವಿಗೆ ಎದುರುತ್ತರ ಕೊಡುತ್ತಾಳೆ: "ಹಂಗಲ್ಲ ಅದು, ಮೊದಲ ಗಿಡಾ ಬಡಿಬೇಕು." ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಲ್ಲಿ ಶುರುವಾಗಿ ಸಾವಿರಾರು ಕಂತು ದಾಟಿದೆ. ಸರಿಯುತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮ. ಕೋಟಿ ಕೊಡುವ ಕ್ವಿಜ್ ನೋಡಿ ಬೆಳೆದ ನನ್ನ ಮಗಳು ಮೊದಲು ನಕ್ಕಳು. ಈಗ ಅಜ್ಜಿಯ ಪಕ್ಕ ಕೂತು, ಪ್ರಶ್ನೆಯಲ್ಲಿ ಬಂದ ಒಂದು ಪದದ ಅರ್ಥ ಕೇಳುತ್ತಾಳೆ. ನಾನು ಸಾವಿರಾರು ರೂಪಾಯಿ ಕೊಟ್ಟು ಸೇರಿಸಿದ ಆನ್‌ಲೈನ್ ಕನ್ನಡ ತರಗತಿಯನ್ನು ಅವಳು ಮೂರು ವಾರಕ್ಕೆ ಬಿಟ್ಟಿದ್ದಳು.

ಅವ್ವನ ಧಾರಾವಾಹಿಗಳು ಮಾತ್ರ ಫ್ರೀ ಡಿಶ್‌ನಲ್ಲಿ ಬರುವುದಿಲ್ಲ. ಜನಪ್ರಿಯ ಕನ್ನಡ ಮನರಂಜನಾ ಚಾನೆಲ್ಲುಗಳೆಲ್ಲ ದುಡ್ಡಿನವು. ಇಲ್ಲಿ ನನ್ನ ಜಗಳ ಪ್ರಸಾರ ಭಾರತಿಯ ಜೊತೆಗೂ ಇದೆ. ಫ್ರೀ ಡಿಶ್‌ನ ಖಾಸಗಿ ಜಾಗಗಳನ್ನು ಅದು ಹರಾಜು ಹಾಕುತ್ತದೆ. ಹೆಚ್ಚು ಕೂಗಿದವರಿಗೆ ಜಾಗ. ಹೆಚ್ಚು ಕೂಗುವವರು ಹಿಂದಿಯವರೇ, ಯಾಕೆಂದರೆ ನೋಡುವ ಮನೆಗಳು ಹೆಚ್ಚಿರುವುದು ಅಲ್ಲೇ. ಸ್ಟಾರ್, ಜೀ, ಸೋನಿ, ವಯಾಕಾಮ್ 18 ತಮ್ಮ ಬಿಟ್ಟಿ ಹಿಂದಿ ಚಾನೆಲ್ಲುಗಳನ್ನು 2019ರಲ್ಲಿ ಅಲ್ಲಿಂದ ಎಬ್ಬಿಸಿಕೊಂಡು ಹೋದವು, 2020ರಲ್ಲಿ ಮರಳಿದವು, 2022ರಲ್ಲಿ ಮತ್ತೆ ಹೋದವು. ಆ ನೋಡುಗರನ್ನು ಬಿಟ್ಟಿರಲೂ ಆಗದು, ಅವರಿಗೆ ಬಿಟ್ಟಿ ಕೊಡಲೂ ಆಗದು ಎಂಬ ಈ ಎಳೆದಾಟ ಹಿಂದಿಗಾಗಿ ನಡೆಯಿತು. ಕನ್ನಡಕ್ಕಾಗಿ ಹೀಗೆ ಯಾರೂ ಹೋಗಲಿಲ್ಲ, ಬರಲಿಲ್ಲ. ಸಾರ್ವಜನಿಕ ಹಣದಲ್ಲಿ ಹಾರಿಸಿದ ಉಪಗ್ರಹದ ಜಾಗವನ್ನು ಭಾಷೆಗಳಿಗೆ ಹಂಚುವ ಕೆಲಸವನ್ನು ಬರೀ ಹರಾಜಿಗೆ ಬಿಟ್ಟರೆ ಆಗುವುದೇ ಹೀಗೆ. ಚಂದನಕ್ಕೆ ಜೊತೆಯಾಗಿ ಇನ್ನೊಂದೆರಡು ಕನ್ನಡ ವಾಹಿನಿ, ಒಂದು ಮಕ್ಕಳದ್ದು, ಒಂದು ಹಳೆಯ ಸಿನಿಮಾದ್ದು, ಬೇಕೆಂದು ಕೇಳಬೇಕು. ಕೇಳುವವರು ಮೊದಲು ನೋಡುವವರಾಗಿರಬೇಕಲ್ಲ. ಡಿಶ್ಶನ್ನು ಕಬಾಡಿಗೆ ಹಾಕಿ, ಚಂದನ ಯಾಕೆ ಹೀಗಿದೆ ಎಂದು ಟೀಕಿಸುವ ಹಕ್ಕು ಯಾರಿಗಿದೆ?

ಸೊಸೈಟಿಯವರ ಮಾತಿಗೂ ಬರುತ್ತೇನೆ. ತಾರಸಿಗೆ ಹೊಡೆದ ಬೋಲ್ಟುಗಳಿಂದ ನೀರು ಇಳಿಯುತ್ತದೆ ಎನ್ನುವುದು ಸುಳ್ಳಲ್ಲ, ಹದಿನಾಲ್ಕನೇ ಮಹಡಿಯವರ ಛಾವಣಿ ನೋಡಿದ್ದೇನೆ. ಅದಕ್ಕೆ ನಲವತ್ತು ಡಿಶ್ ಬೇಕಿಲ್ಲ. ಟವರಿಗೊಂದು ಸಾಕು. ಒಂದು ಭಾರದ ಕಾಂಕ್ರೀಟ್ ಹಾಸಿನ ಮೇಲೆ ಅದನ್ನು ಕೂರಿಸಿ, ತಾರಸಿಗೆ ಒಂದು ತೂತೂ ಹಾಕದೆ, ಮಲ್ಟಿಸ್ವಿಚ್ ಹಾಕಿ ಬೇಕಾದ ಮನೆಗಳಿಗೆ ವೈರು ಇಳಿಸಬಹುದು. ಅಮೆರಿಕದಲ್ಲಿ 1996ರಿಂದ ಒಂದು ನಿಯಮವಿದೆ: ಒಂದು ಮೀಟರಿನೊಳಗಿನ ಡಿಶ್ಶನ್ನು ಮನೆಯವರು ತಮ್ಮ ಸ್ವಂತ ಜಾಗದಲ್ಲಿ, ಬಾಲ್ಕನಿಯಲ್ಲಿ ಹಾಕಿಕೊಂಡರೆ ಅಂದ ಕೆಡುತ್ತದೆ ಎಂದು ಸೊಸೈಟಿ ತಡೆಯುವಂತಿಲ್ಲ. ಅಲ್ಲಿರುವ ನಮ್ಮ ತಮ್ಮ ತಂಗಿಯರಿಗೆ ಇದು ಗೊತ್ತು. ನಮ್ಮ ಸೊಸೈಟಿಯ ಬೈಲಾ ಪೂರ್ತಿ ಓದಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಬಗ್ಗೆ ಒಂದೂವರೆ ಪುಟ ಇದೆ, ಡಿಶ್ಶಿನ ಬಗ್ಗೆ ಒಂದು ಸಾಲೂ ಇಲ್ಲ. ಹಾಗಾದರೆ ಮತ್ತೆ ಹಾಕುವಂತಿಲ್ಲ ಎಂದು ಯಾವ ಕಲಮಿನಡಿ ಹೇಳುತ್ತಾರೆ? ಇಷ್ಟನ್ನೇ ಬರೆದು, ಟವರಿಗೊಂದು ಡಿಶ್ ಎಂಬ ನಕ್ಷೆ, ಖರ್ಚಿನ ಅಂದಾಜು ಎರಡನ್ನೂ ಲಗತ್ತಿಸಿ ಅರ್ಜಿ ಕೊಟ್ಟಿದ್ದೇನೆ. ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಮಾಡುತ್ತ ಬಂದ ಕೆಲಸ ಇದೇ ತಾನೇ.

ಅರ್ಜಿಗೆ ಈವರೆಗೆ ಏಳು ಸಹಿ ಬಿದ್ದಿವೆ. ಒಂದು ಒಡಿಯಾ ಮನೆ, ಎರಡು ತೆಲುಗು, ಒಂದು ಅಸ್ಸಾಮಿ, ಒಂದು ಮರಾಠಿ, ಮತ್ತು ಸೆಕ್ಯುರಿಟಿಯ ಕೋಣೆಯಲ್ಲಿ ಫ್ರೀ ಡಿಶ್ ಇಟ್ಟುಕೊಂಡಿರುವ ಗಾರ್ಡ್. ಅವನ ಸಹಿ ಲೆಕ್ಕಕ್ಕಿಲ್ಲ ಎಂದು ಸೆಕ್ರೆಟರಿ ಹೇಳಿದ್ದಾರೆ. ಈ ಭಾಷೆಗಳಿಗೂ ಅದೇ ಉಪಗ್ರಹದಲ್ಲಿ ದೂರದರ್ಶನದ ವಾಹಿನಿಗಳಿವೆ, ಈ ಮನೆಗಳಲ್ಲೂ ಹಗಲು ಒಬ್ಬರೇ ಕೂರುವ ವಯಸ್ಸಾದವರಿದ್ದಾರೆ. ಕನ್ನಡದ ಸಹಿ ನನ್ನದೊಂದೇ.

ನಿನ್ನೆ ಸಂಜೆ, ಗುಂಪಿನಲ್ಲಿ ನೀಲಿ ಗೆರೆಯಾಗಿ ಉಳಿದಿದ್ದ ಇಬ್ಬರಲ್ಲಿ ಒಬ್ಬರ ಹೆಂಡತಿ ಬಾಗಿಲು ಬಡಿದರು. ಹುಬ್ಬಳ್ಳಿಯಿಂದ ಅವರ ಅತ್ತೆ ಬರುತ್ತಿದ್ದಾರಂತೆ, ಈ ಸಲ ಚಳಿಗಾಲ ಪೂರ್ತಿ ಇರುತ್ತಾರಂತೆ. ಅವ್ವ ಅವರಿಗೆ ಚಹಾ ಕೊಟ್ಟು, ರಿಮೋಟು ಕೈಗಿಟ್ಟು, ಕೆಂಪು ಗುಂಡಿ ಯಾವುದೆಂದು ತೋರಿಸಿದಳು. ಅವರು ಹೋಗುವಾಗ, "ನಿಮ್ಮ ಛತ್ರಿ ಯಾವುದದ ಅಂತ ಮ್ಯಾಲ ಹೋಗಿ ನೋಡಿ ಬರ್ರಿ, ವೈರ್ ಇಲ್ಲಂದ್ರೂ ನಡಿತದ," ಅಂದಳು. ಖೋಡಾದ ಹುಡುಗನಿಗೆ ಶನಿವಾರ ಹತ್ತಕ್ಕೆ ಬರಲು ಹೇಳಿದ್ದೇನೆ.